ವಿಲಾಯತಿಯಲ್ಲಿ ನಮ್ಮವರ ಕಾನೂನು ವ್ಯಾಸಂಗ

೧

ವಿದ್ಯಾರ್ಜನೆಗಾಗಿ ದೇಶಾಂತರಕ್ಕೆ ಹೋಗುವುದು ನಮ್ಮ ಜನರಿಗೆ ಹೊಸದಲ್ಲ. ಆದರೆ ಹಾಗೆ ಹೋಗಿ ಕಲಿಯತಕ್ಕ ವಿದ್ಯೆಗಳಲ್ಲಿ ಕಾನೂನಿನ ವಿದ್ಯೆಯು ಒಂದಂಶದಲ್ಲಿ ಮಿಕ್ಕೆಲ್ಲವುಗಳಿಂದ ಬೇರೆಯಾಗಿದೆ. ಗಣಿತದ ಸಿದ್ಧಾಂತವು ಲಂಡನ್ನಿನಲ್ಲಿ ಹೇಗೋ ಧಾರವಾಡದಲ್ಲಿಯೂ ಹಾಗೆಯೇ. ಜ್ವರದ ಲಕ್ಷಣಗಳು ಕಡಲನ್ನು ದಾಟಿದ ಮಾತ್ರಕ್ಕೆ ಮಾರ್ಪಡುವುದಿಲ್ಲ. ಕಾನೂನಾದರೋ ನೆಲಕ್ಕೆ ಅಂಟಿಕೊಂಡದ್ದು. ತಂದೆಯು ಬದುಕಿರುವಾಗಲೇ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹಕ್ಕು ಉಂಟೇ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಒಂದು ಉತ್ತರವೂ ಬಂಗಾಳದಲ್ಲಿ ಅದಕ್ಕೆ ವಿರುದ್ಧವಾದ ಉತ್ತರವೂ ಶತಮಾನಗಳ ಕಾಲ ನಡೆದು ಬಂದುವು. ಒಂದೇ ದೇಶದೊಳಗೆ ಹೀಗಿರುವಾಗ, ಸಾವಿರಾರು ಮೈಲಿಗಳಾಚೆಯ ದ್ವೀಪವೊಂದಕ್ಕೆ ಹೋಗಿ ಕಾನೂನನ್ನು ಕಲಿತು ಬಂದವನು ತಾನು ತಂದದ್ದು ಏನೆಂಬುದನ್ನು ವಿಚಾರಿಸಿಕೊಳ್ಳಲೇಬೇಕಾಗುತ್ತದೆ.

ಈ ವಿಚಾರವನ್ನು ಹತ್ತೊಂಬತ್ತನೆಯ ಶತಮಾನದ ಮೂವರು ವಿದ್ಯಾರ್ಥಿಗಳ ಚರಿತ್ರೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸಾಮಾನ್ಯವಾಗಿ ಪರದೇಶದ ಪದವಿಯೆಂದರೆ ವಿದ್ಯೆ, ಅಧಿಕಾರ, ವೃತ್ತಿಯ ಅನುಭವ ಈ ಮೂರೂ ಒಟ್ಟಿಗೆ ಕಟ್ಟಿದ ಗಂಟೆಂದು ಜನರು ತಿಳಿಯುತ್ತಾರೆ. ಇಲ್ಲಿ ಅಧಿಕಾರವೆಂದರೆ ನ್ಯಾಯಸ್ಥಾನದಲ್ಲಿ ನಿಂತು ವಾದಿಸುವ ಹಕ್ಕು ಎಂದು ಅರ್ಥ. ಚರಿತ್ರೆಯನ್ನು ನೋಡಿದರೆ ಆ ಗಂಟು ಎಂದೂ ಒಟ್ಟಾಗಿರಲಿಲ್ಲವೆಂಬುದು ತಿಳಿದುಬರುತ್ತದೆ. ಒಬ್ಬರಿಗೆ ಅಧಿಕಾರವು ದೊರೆತು ವಿದ್ಯೆಯು ದೊರೆಯಲಿಲ್ಲ. ಮತ್ತೊಬ್ಬರಿಗೆ ವಿದ್ಯೆಯು ದೊರೆತು ಅಧಿಕಾರವು ದೊರೆಯಲಿಲ್ಲ. ಇವರಿಬ್ಬರಿಗೂ ಮೊದಲೇ ಹೋದವರೊಬ್ಬರ ವಿಷಯದಲ್ಲಿ, ಕಲಿತ ಕಾನೂನು ಒಂದು, ತಲೆಯ ಮೇಲೆ ಬಂದ ಕಾನೂನು ಮತ್ತೊಂದು ಆಯಿತು.

೨

ಮೊದಲು ಆಗಿನ ವ್ಯವಸ್ಥೆಯನ್ನು ಸಂಗ್ರಹವಾಗಿ ಹೇಳಬೇಕಾಗಿದೆ. ಲಂಡನ್ ನಗರದಲ್ಲಿ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಪ್ರಾಚೀನ ಸಂಘಗಳಿವೆ. ಇವು ವಿಶ್ವವಿದ್ಯಾನಿಲಯಗಳಲ್ಲ, ವಕೀಲವೃತ್ತಿಯವರ ಸಂಘಗಳು. ಬಾರಿಸ್ಟರೆಂಬ ಬಿರುದನ್ನು ಕೊಡತಕ್ಕ ಹಕ್ಕು ಈ ನಾಲ್ಕಕ್ಕೇ ಸೇರಿದ್ದು. ಇವುಗಳ ಪರವಾಗಿ ಪಾಠಗಳನ್ನು ಏರ್ಪಡಿಸುವುದಕ್ಕೆ ಒಂದು ಶಿಕ್ಷಣಮಂಡಲಿಯು ೧೮೫೨ರಲ್ಲಿ ಏರ್ಪಟ್ಟಿತು. ಪರೀಕ್ಷೆಯು ಎಲ್ಲರಿಗೂ ಕಡ್ಡಾಯವಾದದ್ದು ೧೮೭೨ರಲ್ಲಿ. ಅದಕ್ಕೂ ಹಿಂದೆ ನಿಯಮಿತವಾದ ಅವಧಿಗಳನ್ನು ಕಳೆದು ಸಂಘದ ಭೋಜನಶಾಲೆಯಲ್ಲಿ ಊಟ ಮಾಡಿದವನು ಪರೀಕ್ಷೆಗೆ ಕೂರದೆಯೇ ಬಾರಿಸ್ಟರಾಗುವುದಕ್ಕೆ ಅವಕಾಶವಿತ್ತು. ಪರೀಕ್ಷೆ ಬಂದ ಮೇಲೆಯೂ ಭೋಜನದ ನಿಯಮವು ಉಳಿದುಕೊಂಡಿತು.

ನಮ್ಮವರು ಇಷ್ಟು ದೂರ ಹೋಗಬೇಕಾದದ್ದೇಕೆ? ಕಲ್ಕತ್ತೆ, ಮುಂಬಯಿ, ಮದರಾಸು ಈ ಮೂರು ನಗರಗಳಲ್ಲಿ ೧೮೫೭ರಲ್ಲಿ ವಿಶ್ವವಿದ್ಯಾನಿಲಯಗಳೂ ೧೮೬೨ರಲ್ಲಿ ಹೈಕೋರ್ಟುಗಳೂ ಸ್ಥಾಪಿತವಾದುವು. ಇಲ್ಲಿಯೇ ಕಾನೂನಿನ ಪದವಿಯನ್ನು ಪಡೆದು ವಕೀಲರಾಗುವ ಮಾರ್ಗವು ತೆರೆದಿತ್ತು. ಆದರೆ ಕಲ್ಕತ್ತೆ ಮುಂಬಯಿ ಹೈಕೋರ್ಟುಗಳಲ್ಲಿ ನೇರವಾಗಿ ದಾಖಲಾಗುವ ದೊಡ್ಡ ದಾವೆಗಳನ್ನು ನಡೆಸುವ ಹಕ್ಕು ಬಹುಕಾಲ ಬಹುಮಟ್ಟಿಗೆ ಬಾರಿಸ್ಟರುಗಳಿಗೇ ಮೀಸಲಾಗಿತ್ತು. ದೇಶೀಯ ವಕೀಲನು ಎಂಥ ಪಂಡಿತನಾದರೂ ಆ ಬಾಗಿಲಿನ ಹೊರಗೇ ನಿಲ್ಲಬೇಕಾಗಿತ್ತು. ಈ ಭೇದವನ್ನು ಕಡಮೆ ಮಾಡುವುದಕ್ಕೆ ಶಾಸನವು ಬಂದದ್ದು ೧೯೨೬ರಲ್ಲಿ. ಹೀಗಿರಲು, ವಿಲಾಯತಿಗೆ ಹೋಗುತ್ತಿದ್ದ ತರುಣನು ಹೆಚ್ಚಾಗಿ ಅರಸುತ್ತಿದ್ದದ್ದು ವಿದ್ಯೆಯನ್ನಲ್ಲ, ಅಧಿಕಾರವನ್ನು ಎಂದರೆ ತಪ್ಪಾಗಲಾರದು. ಅದನ್ನು ಆತನ ದೋಷವೆಂದೂ ಹೇಳಲಾಗದು. ಬಾಗಿಲನ್ನು ಹಾಗೆ ಕಟ್ಟಿದವರು ಬೇರೆಯವರು.

೩

ಈ ಬಾಗಿಲನ್ನು ಮೊದಲು ಹೊಕ್ಕ ಭಾರತೀಯನು ಜ್ಞಾನೇಂದ್ರಮೋಹನ ಠಾಕೂರರು. ಇವರು ೧೮೬೨ರಲ್ಲಿ ಲಿಂಕನ್ಸ್ ಇನ್ನಿನಿಂದ ಬಾರಿಸ್ಟರಾದರು. ಇವರ ತಂದೆ ಪ್ರಸನ್ನಕುಮಾರ ಠಾಕೂರರು ಕಲ್ಕತ್ತೆಯ ಶ್ರೀಮಂತರಲ್ಲೊಬ್ಬರು, ಸ್ವತಃ ಕಾನೂನು ಪಂಡಿತರು. ಮಗನು ೧೮೫೧ರಲ್ಲಿ ಕ್ರೈಸ್ತಮತವನ್ನು ಅವಲಂಬಿಸಿದುದರಿಂದ ತಂದೆಯು ಅವರನ್ನು ಆಸ್ತಿಯಿಂದ ಹೊರಗಿಟ್ಟರು. ಅವರು ಬರೆದ ಮರಣಶಾಸನದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಅವರ ಹೆಸರನ್ನು ಹೊತ್ತಿರುವ ಕಾನೂನು ಉಪನ್ಯಾಸಮಾಲೆಯು ಅವರ ದತ್ತಿಯಿಂದ ಹುಟ್ಟಿದ್ದು. ಇನ್ನೊಂದು, ತಮ್ಮ ಆಸ್ತಿಯು ಅಣ್ಣನ ಮಗನಾದ ಜತೀಂದ್ರಮೋಹನರಿಗೂ ಆ ಮೇಲೆ ಗಂಡುಸಂತತಿಯ ಕ್ರಮದಲ್ಲಿ ಮುಂದುಮುಂದಕ್ಕೂ ಸಾಗಬೇಕೆಂದು ಅವರು ಮಾಡಿದ ಕಟ್ಟುಪಾಡು. ಈ ಬಗೆಯ ಕಟ್ಟುಪಾಡು ಇಂಗ್ಲೆಂಡಿನ ಜಮೀನುದಾರರಲ್ಲಿ ರೂಢವಾಗಿದ್ದದ್ದು.

ಪ್ರಸನ್ನಕುಮಾರರು ೧೮೬೮ರಲ್ಲಿ ತೀರಿಕೊಂಡರು. ಮಗನು ಮರಣಶಾಸನವನ್ನು ಪ್ರಶ್ನಿಸಿದರು. ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ೧೮೭೨ರಲ್ಲಿ ತೀರ್ಮಾನವಾಯಿತು. ಶಾಸನಕರ್ತನು ಸಾಯುವ ಹೊತ್ತಿಗೆ ಅಸ್ತಿತ್ವದಲ್ಲಿಯೇ ಇಲ್ಲದ ವ್ಯಕ್ತಿಗೆ ಹಿಂದೂ ಧರ್ಮಶಾಸ್ತ್ರದ ಮೇರೆಗೆ ದಾನವು ಸಲ್ಲದೆಂದೂ, ಆ ಶಾಸ್ತ್ರವು ಅರಿಯದ ಹೊಸ ಬಗೆಯ ವಾರಸುಕ್ರಮವನ್ನು ಯಾರೂ ತಮ್ಮಿಷ್ಟದಂತೆ ಕಲ್ಪಿಸಲಾರರೆಂದೂ ನ್ಯಾಯಾಧೀಶರು ಹೇಳಿದರು. ಜತೀಂದ್ರಮೋಹನರಿಗೆ ಜೀವಿತಾವಧಿಯ ಹಕ್ಕು ಮಾತ್ರ ಊರ್ಜಿತವಾಗಿ, ಉಳಿದದ್ದು ವಾರಸುದಾರನಾದ ಮಗನಿಗೆ ಸೇರತಕ್ಕದ್ದೆಂದಾಯಿತು.

ಇದರ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಧರ್ಮಶಾಸ್ತ್ರವನ್ನು ಬಲ್ಲ ತಂದೆಯು ಇಂಗ್ಲೆಂಡಿನ ಪದ್ಧತಿಯನ್ನು ಬಂಗಾಳಕ್ಕೆ ತರಲು ಹೋದರು. ಹಿಂದೂಮತವನ್ನು ಬಿಟ್ಟು ಇಂಗ್ಲೆಂಡಿನ ಬಾರಿಸ್ಟರಾದ ಮಗನ ಹಕ್ಕನ್ನು ಕಾಪಾಡಿದ್ದು ಹಿಂದೂ ಧರ್ಮಶಾಸ್ತ್ರ. ಅದನ್ನು ಹೇಳಿದ್ದು ಲಂಡನ್ನಿನ ನ್ಯಾಯಪೀಠ. ಬಾರಿಸ್ಟರಿನ ನಿಲುವಂಗಿಯು ಎಲ್ಲಿಯದಾದರೂ, ಮನೆಯ ಆಸ್ತಿಯ ಪ್ರಶ್ನೆಗೆ ಉತ್ತರವು ಜೀಮೂತವಾಹನನ ದಾಯಭಾಗವನ್ನು ನಂಬಿದ ನಾಡಿನ ಶಾಸ್ತ್ರದಿಂದಲೇ ಬರಬೇಕಾಯಿತು.

೪

ಎರಡನೆಯ ವಿದ್ಯಾರ್ಥಿಯು ಮೋಹನದಾಸ ಕರಮಚಂದ ಗಾಂಧಿಯವರು. ಅವರ ಆತ್ಮಕಥೆಯನ್ನು ಓದದವರು ವಿರಳ. ಆದರೆ ಅದನ್ನು ಕಾನೂನು ವಿದ್ಯಾಭ್ಯಾಸದ ಚರಿತ್ರೆಗೆ ಸಾಧನವೆಂದು ಓದಿದವರು ಅಷ್ಟು ಮಂದಿ ಇಲ್ಲ. ಭಾವನಗರದ ಕಾಲೇಜಿನಲ್ಲಿ ಒಂದು ಅವಧಿಯನ್ನು ಕಳೆದು ಪಾಠಗಳು ಹತ್ತದೆ ಊರಿಗೆ ಬಂದಿದ್ದ ತರುಣನಿಗೆ, ಮನೆತನದ ಹಿತೈಷಿಗಳಾದ ಮಾವಜಿ ದವೆಯವರು ವಿಲಾಯತಿಯ ಮಾತನ್ನು ಎತ್ತಿದರು. ಇಲ್ಲಿ ಪದವಿ ಪಡೆಯುವುದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ, ಅಲ್ಲಿ ಬಾರಿಸ್ಟರಾಗುವುದಕ್ಕೆ ಮೂರೇ ವರ್ಷ. ಖರ್ಚು ನಾಲ್ಕೈದು ಸಾವಿರ ರೂಪಾಯಿ ಮೀರದು ಎಂಬುದು ಅವರ ಲೆಕ್ಕ. ಈ ಮಾತಿನಲ್ಲಿ ಕಾಲದ ಲೆಕ್ಕವಿದೆ, ಹಣದ ಲೆಕ್ಕವಿದೆ. ಅಲ್ಲಿ ಏನನ್ನು ಕಲಿಸುತ್ತಾರೆಂಬ ಪ್ರಶ್ನೆ ಮಾತ್ರ ಇಲ್ಲ.

ತಾಯಿಗೆ ಮಾತು ಕೊಟ್ಟು, ಮುಂಬಯಿಯಲ್ಲಿ ಜಾತಿಯವರ ಬಹಿಷ್ಕಾರವನ್ನು ಎದುರಿಸಿ, ಅವರು ೧೮೮೮ರ ಸೆಪ್ಟೆಂಬರ್ ೪ರಂದು ಹಡಗನ್ನೇರಿದರು. ಅವರಿಗೆ ನೆರವಾದವರೂ ಬೀಳ್ಕೊಡಲು ಬಂದವರೂ ಒಂದು ರೂಪಾಯಿ ನಾಲ್ಕಾಣೆ ದಂಡ ತೆರಬೇಕೆಂದು ಜಾತಿಯ ಮುಖಂಡರು ವಿಧಿಸಿದ್ದರು. ಅದೇ ನವೆಂಬರಿನಲ್ಲಿ ಇನ್ನರ್ ಟೆಂಪಲನ್ನು ಸೇರಿದರು. ಅಲ್ಲಿಯ ನಿಯಮಗಳೆರಡು: ಮೂರು ವರ್ಷಗಳಿಗೆ ಸಮನಾದ ಹನ್ನೆರಡು ಅವಧಿಗಳನ್ನು ಕಳೆಯುವುದು, ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು. ಅವಧಿಯನ್ನು ಕಳೆಯುವುದೆಂದರೆ ಸುಮಾರು ಇಪ್ಪತ್ತನಾಲ್ಕು ಭೋಜನಗಳಲ್ಲಿ ಆರಕ್ಕಾದರೂ ಹಾಜರಾಗುವುದು. ನಾಲ್ವರ ಪಂಕ್ತಿಗೆ ಎರಡು ಸೀಸೆ ಮದ್ಯ ಬರುತ್ತಿತ್ತು. ಮದ್ಯವನ್ನು ಮುಟ್ಟದ ಈ ಗುಜರಾತಿ ತರುಣನು ತಮ್ಮ ಪಂಕ್ತಿಯಲ್ಲಿರಲೆಂದು ಇತರರು ಹಾತೊರೆಯುತ್ತಿದ್ದರಂತೆ. ಮೂವರಿಗೆ ಎರಡು ಸೀಸೆ ಉಳಿಯುತ್ತಿತ್ತಷ್ಟೆ! ಈ ಭೋಜನಗಳಿಂದ ವಕೀಲನಿಗೆ ಆಗತಕ್ಕ ಲಾಭವೇನೆಂಬುದು ತಮಗೆ ಕೊನೆಗೂ ತಿಳಿಯಲಿಲ್ಲವೆಂದು ಗಾಂಧಿಯವರು ಬರೆದಿದ್ದಾರೆ.

ಪರೀಕ್ಷೆಗಳೂ ಕಠಿನವಾಗಿರಲಿಲ್ಲ. ರೋಮನ್ ಕಾನೂನಿನಲ್ಲಿ ನೂರಕ್ಕೆ ೯೫ರಿಂದ ೯೯ ಮಂದಿಯೂ, ಕೊನೆಯ ಪರೀಕ್ಷೆಯಲ್ಲಿ ೭೫ ಅಥವಾ ಅದಕ್ಕೂ ಹೆಚ್ಚು ಮಂದಿಯೂ ತೇರ್ಗಡೆಯಾಗುತ್ತಿದ್ದರೆಂದು ಅವರು ಹೇಳುತ್ತಾರೆ. ಕೆಲವು ವಾರಗಳಲ್ಲಿ ಟಿಪ್ಪಣಿಗಳನ್ನು ಉರುಹೊಡೆದು ಪಾರಾಗುವವರೇ ಹೆಚ್ಚು. ಗಾಂಧಿಯವರು ಹಾಗೆ ಮಾಡಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಮೊದಲ ಸಲ ಸೋತು ಮತ್ತೆ ಓದಿ ೧೮೯೦ರಲ್ಲಿ ಲಂಡನ್ನಿನ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಲ್ಯಾಟಿನ್ನಿನ ಬಲದಿಂದ ರೋಮನ್ ಕಾನೂನನ್ನು ಮೂಲದಲ್ಲಿಯೇ ಓದಿದರು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಗ್ರಂಥಗಳಿಗೆ ಒಂಬತ್ತು ತಿಂಗಳನ್ನು ವಿನಿಯೋಗಿಸಿದರು. ಸ್ಥಿರಾಸ್ತಿಯನ್ನು ಕುರಿತ ವಿಲಿಯಮ್ಸನ ಗ್ರಂಥವು ಅವರಿಗೆ ಕಾದಂಬರಿಯಂತೆ ರುಚಿಸಿತು. ೧೮೯೧ರ ಜೂನ್ ೧೦ರಂದು ಬಾರಿಸ್ಟರಾದರು. ೧೧ರಂದು ಹೈಕೋರ್ಟಿನ ಪಟ್ಟಿಯಲ್ಲಿ ಹೆಸರು ಸೇರಿತು. ೧೨ರಂದು ಸ್ವದೇಶಕ್ಕೆ ಹೊರಟರು.

ಈ ಶ್ರದ್ಧಾವಂತ ವಿದ್ಯಾರ್ಥಿಯು ತನ್ನ ಗಂಟನ್ನು ಬಿಚ್ಚಿ ನೋಡಿಕೊಂಡಾಗ ಕಂಡದ್ದೇನು? ಹಿಂದೂ ಧರ್ಮಶಾಸ್ತ್ರವಾಗಲಿ ಮಹಮ್ಮದೀಯ ಶಾಸ್ತ್ರವಾಗಲಿ ಒಂದಕ್ಷರವೂ ತಿಳಿಯದು. ಫಿರ್ಯಾದನ್ನು ಬರೆಯುವ ಕ್ರಮವೂ ತಿಳಿಯದು. ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮೂವತ್ತು ರೂಪಾಯಿಯ ಮೊದಲ ಮೊಕದ್ದಮೆ ದೊರೆಯಿತು. ಪಾಟೀಸವಾಲಿಗೆ ಎದ್ದು ನಿಂತಾಗ ಎದೆಗುಂದಿ ತಲೆ ತಿರುಗಿತು. ಒಂದು ಪ್ರಶ್ನೆಯೂ ಹೊರಡಲಿಲ್ಲ. ಶುಲ್ಕವನ್ನು ಹಿಂದಕ್ಕೆ ಕೊಟ್ಟು ಹೊರಬಂದರು. ವಿಲಿಯಮ್ಸನ ಗ್ರಂಥದಷ್ಟೇ ಆಸಕ್ತಿಯಿಂದ ತಾವು ಓದಿದ ಇನ್ನೊಂದು ಕಾನೂನು ಪುಸ್ತಕವನ್ನು ಅವರು ಹೆಸರಿಸುತ್ತಾರೆ: ಮೇಯ್ನನ ಹಿಂದೂ ಧರ್ಮಶಾಸ್ತ್ರ. ಅದನ್ನು ಅವರು ಓದಿದ್ದು ಸ್ವದೇಶಕ್ಕೆ ಮರಳಿದ ಮೇಲೆ.

ಈ ಸಂದರ್ಭದಲ್ಲಿ ಕನ್ನಡಿಗರು ಜ್ಞಾಪಿಸಿಕೊಳ್ಳತಕ್ಕ ಸಂಗತಿಯೊಂದುಂಟು. ಮೇಯ್ನನ ಗ್ರಂಥವು ೧೮೭೮ರಲ್ಲಿ ಮೊದಲು ಅಚ್ಚಾಯಿತು. ಅದರ ಮುಖ್ಯ ಆಧಾರಗಳಲ್ಲಿ ಮಿತಾಕ್ಷರೆಯು ಒಂದು. ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಮಗನು ಹುಟ್ಟಿದ ಮಾತ್ರದಿಂದಲೇ ಪಿತೃಪೈತಾಮಹ ಸ್ವತ್ತಿನಲ್ಲಿ ಭಾಗಿಯಾಗುತ್ತಾನೆಂಬ ಜನ್ಮಸ್ವತ್ವವಾದವನ್ನು ಪ್ರತಿಷ್ಠಾಪಿಸಿದ ಗ್ರಂಥವದು. ಬಂಗಾಳದ ದಾಯಭಾಗವಾದರೋ ತಂದೆಯ ಮರಣಾನಂತರವೇ ಮಗನ ಸ್ವತ್ವವನ್ನು ಒಪ್ಪುತ್ತದೆ. ಈ ಎರಡು ಗ್ರಂಥಗಳ ದಾಯಪ್ರಕರಣಗಳನ್ನೂ ಕೋಲ್‌ಬ್ರೂಕನು ಇಂಗ್ಲಿಷಿಗೆ ತಿರುಗಿಸಿ ೧೮೧೦ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದನು. ಗಾಂಧಿಯವರು ಲಂಡನ್ನಿಗೆ ಹೋಗುವುದಕ್ಕೆ ಎಪ್ಪತ್ತೆಂಟು ವರ್ಷ ಮೊದಲೇ ಮಿತಾಕ್ಷರೆಯು ಇಂಗ್ಲಿಷಿನಲ್ಲಿತ್ತು. ಆದರೂ ರೋಮಿನ ಜಸ್ಟಿನಿಯನ್ನನಿಗೆ ಇದ್ದ ಸ್ಥಾನವು ಕಲ್ಯಾಣದ ವಿಜ್ಞಾನೇಶ್ವರನಿಗೆ ಆ ಪಾಠಕ್ರಮದಲ್ಲಿ ಇರಲಿಲ್ಲ.

೫

ಗಾಂಧಿಯವರು ಭೋಜನದ ಅವಧಿಗಳನ್ನು ಕಳೆಯುತ್ತಿದ್ದ ಕಾಲದಲ್ಲಿಯೇ, ಲಂಡನ್ನಿನಿಂದ ಹೆಚ್ಚು ದೂರವಿಲ್ಲದ ಆಕ್ಸ್‌ಫರ್ಡಿನಲ್ಲಿ ನಮ್ಮ ಮೂರನೆಯ ವಿದ್ಯಾರ್ಥಿನಿಯು ವ್ಯಾಸಂಗ ಮಾಡುತ್ತಿದ್ದಳು. ಕಾರ್ನೀಲಿಯಾ ಸೊರಾಬ್ಜಿಯವರು ೧೮೬೬ರಲ್ಲಿ ನಾಸಿಕದಲ್ಲಿ, ಪಾರಸಿ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆಯಾದರು. ಇಂಗ್ಲೆಂಡಿನಲ್ಲಿ ಓದುವುದಕ್ಕೆ ಕೊಡುತ್ತಿದ್ದ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅವರ ಯೋಗ್ಯತೆ ಸಾಕಾಗಿತ್ತು. ಆದರೆ ಸ್ತ್ರೀಯೆಂಬ ಕಾರಣದಿಂದ ಅದು ಕೈತಪ್ಪಿತು. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಕೆಲವು ಕಾಲ ಪಾಠ ಹೇಳಿ, ಫ್ಲಾರೆನ್ಸ್ ನೈಟಿಂಗೇಲರೇ ಮೊದಲಾದವರು ಸೇರಿಸಿಕೊಟ್ಟ ಚಂದಾಹಣದಿಂದ ೧೮೮೯ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ವಿದ್ಯಾಲಯವನ್ನು ಸೇರಿದರು.

ಆಗ ಅಲ್ಲಿ ಡೈಸಿ, ಪೊಲಕ್ ಮುಂತಾದ ಮಹಾಪಂಡಿತರು ಕಾನೂನಿನ ಪ್ರಾಧ್ಯಾಪಕರಾಗಿದ್ದರು. ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಮಾರ್ಕ್‌ಬಿಯವರು ಭಾರತೀಯ ಕಾನೂನಿನ ಅಧ್ಯಾಪಕರಾಗಿದ್ದರು. ಆಲ್ ಸೋಲ್ಸ್ ಕಾಲೇಜಿನ ಕಾಡ್ರಿಂಗ್ಟನ್ ಪುಸ್ತಕಭಂಡಾರವು ಅದುವರೆಗೆ ಸ್ತ್ರೀಯರಿಗೆ ತೆರೆದಿರಲಿಲ್ಲ. ಸೊರಾಬ್ಜಿಯವರಿಗೆ ಅದರಲ್ಲಿ ಕುಳಿತು ಓದುವ ಅನುಮತಿ ದೊರೆಯಿತು. ಬಿ.ಸಿ.ಎಲ್. ಎಂಬ ಪರೀಕ್ಷೆಯು ಹೆಸರಿಗೆ ಬ್ಯಾಚಲರ್ ಪದವಿಯದಾದರೂ ಸಾಮಾನ್ಯ ಪದವಿಗಳಿಗಿಂತ ಪ್ರೌಢವಾದದ್ದು. ವಿಶ್ವವಿದ್ಯಾನಿಲಯದ ವಿಶೇಷ ಅನುಜ್ಞೆಯನ್ನು ಪಡೆದು ೧೮೯೨ರಲ್ಲಿ ಅವರು ಆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಅವರಿಗೂ ಮೊದಲು ಯಾವ ಮಹಿಳೆಯೂ ಆಕ್ಸ್‌ಫರ್ಡಿನಲ್ಲಿ ಈ ಪರೀಕ್ಷೆಗೆ ಕುಳಿತಿರಲಿಲ್ಲ.

ಪರೀಕ್ಷೆಯು ಮುಗಿಯಿತು; ಪದವಿಯು ಬರಲಿಲ್ಲ. ಆಕ್ಸ್‌ಫರ್ಡು ಸ್ತ್ರೀಯರಿಗೆ ಪದವಿಯನ್ನು ಕೊಡತೊಡಗಿದ್ದು ೧೯೨೦ರಲ್ಲಿ. ವಕೀಲಿ ಸಂಘಗಳ ಬಾಗಿಲೂ ಮುಚ್ಚಿತ್ತು. ಅದು ತೆರೆದದ್ದು ೧೯೧೯ರ ಶಾಸನದಿಂದ. ಸ್ವದೇಶಕ್ಕೆ ಮರಳಿ ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆಯಲ್ಲಿಯೂ ಅಲಹಾಬಾದಿನ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಆದರೂ ಸನ್ನದು ದೊರೆಯಲಿಲ್ಲ. ಪರದೆಯ ಒಳಗಿದ್ದು ಪರಪುರುಷರಾದ ವಕೀಲರೊಡನೆ ಮಾತನಾಡಲಾರದೆ ಆಸ್ತಿಯನ್ನು ಕಳೆದುಕೊಳ್ಳುತ್ತಿದ್ದ ಜಮೀನುದಾರಿ ಮನೆತನಗಳ ಸ್ತ್ರೀಯರಿಗೆ ಕಾನೂನಿನ ನೆರವು ನೀಡಬೇಕೆಂಬುದು ಅವರ ಸಂಕಲ್ಪವಾಗಿತ್ತು. ೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಸಲಹೆಗಾರ್ತಿಯಾಗಿ ನೇಮಕಗೊಂಡು ಆ ಕೆಲಸವನ್ನು ಮಾಡಿದರು. ದೂರದ ಊರುಗಳ ಅಂತಃಪುರಗಳಲ್ಲಿ ವಿಧವೆಯರ, ಅಪ್ರಾಪ್ತವಯಸ್ಕರ ಹಕ್ಕುಗಳನ್ನು ವಿಚಾರಿಸುತ್ತ ಅವರು ಗಳಿಸಿದ ಕಾನೂನಿನ ಅನುಭವವು ನ್ಯಾಯಸ್ಥಾನದಲ್ಲಿ ನಿಂತು ವಾದಿಸುವ ಹಕ್ಕಿಲ್ಲದೆಯೇ ಗಳಿಸಿದ್ದು. ಅಲಹಾಬಾದಿನ ಹೈಕೋರ್ಟು ೧೯೨೧ರಲ್ಲಿ ಅವರಿಗೆ ಸನ್ನದನ್ನು ಕೊಟ್ಟಿತು. ೧೯೨೩ರಲ್ಲಿ ಲಿಂಕನ್ಸ್ ಇನ್ನಿನಿಂದ ಬಾರಿಸ್ಟರಾದರು. ಅದೇ ವರ್ಷ ಭಾರತದಲ್ಲಿ ಸ್ತ್ರೀಯರಿಗೆ ವಕೀಲಿವೃತ್ತಿಯನ್ನು ತೆರೆಯುವ ಶಾಸನವೂ ಆಯಿತು. ಆಗ ಅವರಿಗೆ ಐವತ್ತಾರು ವರ್ಷ ಮೀರಿತ್ತು. ಆಕ್ಸ್‌ಫರ್ಡಿನ ಪರೀಕ್ಷೆಯು ಮುಗಿದು ಮೂವತ್ತೊಂದು ವರ್ಷಗಳಾಗಿದ್ದುವು.

೬

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಗಾಂಧಿಯವರ ಬಾರಿಸ್ಟರ್ ಬಿರುದು ನಿಷ್ಪ್ರಯೋಜಕವಾಯಿತೇ? ಹಾಗೆನ್ನುವುದು ನ್ಯಾಯವಲ್ಲ. ೧೮೯೪ರಲ್ಲಿ ದಕ್ಷಿಣ ಆಫ್ರಿಕದ ನೆಟಾಲಿನಲ್ಲಿ ಅವರು ವಕೀಲರ ಪಟ್ಟಿಗೆ ಸೇರಲು ಹೋದಾಗ ಅಲ್ಲಿಯ ವಕೀಲರ ಸಂಘವು ವಿರೋಧಿಸಿತು. ನ್ಯಾಯಸ್ಥಾನವು ಆ ವಿರೋಧವನ್ನು ತಳ್ಳಿಹಾಕಿ ಅವರನ್ನು ಸೇರಿಸಿಕೊಂಡಿತು. ಭಾರತೀಯ ಕೂಲಿಗಾರರ ಪರವಾಗಿ ಅವರು ಎತ್ತಿದ ದನಿಗೆ ಆ ಅಧಿಕಾರವು ಬಲವನ್ನು ಕೊಟ್ಟಿತು. ಆದರೆ ವಕೀಲಿಯನ್ನು ತಾವು ನಿಜವಾಗಿ ಕಲಿತದ್ದು ಎಲ್ಲೆಂಬುದನ್ನು ಅವರೇ ಹೇಳಿದ್ದಾರೆ. ಪ್ರಿಟೋರಿಯದಲ್ಲಿ ವರ್ತಕರೊಬ್ಬರ ವ್ಯಾಜ್ಯಕ್ಕಾಗಿ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ನೋಡುತ್ತ, ಸಂಗತಿಗಳ ಸತ್ಯವನ್ನು ಹಿಡಿದರೆ ಕಾನೂನು ತಾನಾಗಿ ಒದಗುತ್ತದೆಂಬುದನ್ನು ಕಂಡುಕೊಂಡರು. ಅಧಿಕಾರವು ಲಂಡನ್ನಿನದು, ಅನುಭವವು ಪ್ರಿಟೋರಿಯದ್ದು, ಸ್ವದೇಶದ ಶಾಸ್ತ್ರವು ಮರಳಿ ಬಂದ ಮೇಲೆ ಓದಿದ್ದು. ಮೂರೂ ಮೂರು ಕಡೆ ದೊರೆತುವು.

ಅಧಿಕಾರವನ್ನು ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಲೂ ಬಲ್ಲರು. ರಾಜದ್ರೋಹದ ಆಪಾದನೆಯ ಮೇಲೆ ೧೯೨೨ರಲ್ಲಿ ಗಾಂಧಿಯವರಿಗೆ ಶಿಕ್ಷೆಯಾದಾಗ, ಅದೇ ವರ್ಷದ ನವೆಂಬರಿನಲ್ಲಿ ಇನ್ನರ್ ಟೆಂಪಲಿನವರು ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ಮರುವರ್ಷವೇ ಇನ್ನೊಂದು ಇನ್ನಿನ ಪಟ್ಟಿಯಲ್ಲಿ ಸೊರಾಬ್ಜಿಯವರ ಹೆಸರು ಸೇರಿತು. ಹೆಸರನ್ನು ತೆಗೆದುದರಿಂದ ಗಾಂಧಿಯವರ ತಿಳಿವಳಿಕೆಯಲ್ಲಿ ಕಡಮೆಯಾದದ್ದೇನೂ ಇಲ್ಲ. ಹೆಸರನ್ನು ಸೇರಿಸಿದುದರಿಂದ ಸೊರಾಬ್ಜಿಯವರ ಪಾಂಡಿತ್ಯಕ್ಕೆ ಹೊಸದಾಗಿ ಕೂಡಿದ್ದೂ ಏನೂ ಇಲ್ಲ. ಗಾಂಧಿಯವರ ಹೆಸರನ್ನು ಇನ್ನರ್ ಟೆಂಪಲು ಮತ್ತೆ ಪಟ್ಟಿಗೆ ಸೇರಿಸಿದ್ದು ೧೯೮೮ರಲ್ಲಿ, ಅವರು ಗತಿಸಿದ ನಲವತ್ತು ವರ್ಷಗಳ ಮೇಲೆ. ಅದೇ ೧೯೮೮ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಐದು ವರ್ಷಗಳ ಪದವಿ ಪಾಠಕ್ರಮವು ಆರಂಭವಾಯಿತು.

೭

ಇಂದು ಬಾರಿಸ್ಟರ್ ಬಿರುದಿನ ಹಳೆಯ ಮೀಸಲು ಹಕ್ಕು ಇಲ್ಲ. ೧೯೬೧ರ ಅಡ್ವೊಕೇಟರ ಶಾಸನದ ಮೇರೆಗೆ ನಮ್ಮ ನ್ಯಾಯಸ್ಥಾನಗಳಲ್ಲಿ ಒಂದೇ ವರ್ಗದ ವಕೀಲರಿದ್ದಾರೆ. ಪರದೇಶದ ಕಾನೂನು ಪದವಿಯನ್ನು ತಂದವನು, ಅದು ಭಾರತದ ಬಾರ್ ಕೌನ್ಸಿಲು ಅಂಗೀಕರಿಸಿದ ಪದವಿಯಾಗಿದ್ದರೆ ಮಾತ್ರ, ಇಲ್ಲಿ ವೃತ್ತಿಯನ್ನು ಕೈಕೊಳ್ಳಬಹುದು. ಆದರೂ ಕನ್ನಡ ನಾಡಿನಿಂದ ಲಂಡನ್ನಿಗೂ ಬೇರೆ ಊರುಗಳಿಗೂ ಕಾನೂನಿನ ಮೊದಲ ಪದವಿಗಾಗಿ ಹೋಗುವ ತರುಣ ತರುಣಿಯರು ಈಗಲೂ ಇದ್ದಾರೆ. ಅವರ ಮನೆಗಳಲ್ಲಿ ಇಂದಿಗೂ ವರ್ಷದ ಲೆಕ್ಕ, ಹಣದ ಲೆಕ್ಕ ನಡೆಯುತ್ತದೆ. ಮಾವಜಿ ದವೆಯವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಲೆಕ್ಕದ ಮೊದಲಲ್ಲಿ ಇಡುವುದು ಒಳ್ಳೆಯದು: ಅಲ್ಲಿ ಕಲಿಯುವ ಕಾನೂನು ಯಾವ ನೆಲದ್ದು, ಮುಂದೆ ನಿಂತು ವಾದಿಸಬೇಕಾದ ನೆಲ ಯಾವುದು?

ಈ ಪ್ರಶ್ನೆಯನ್ನು ಎತ್ತಿದ ಮಾತ್ರಕ್ಕೆ ಪ್ರಯಾಣವು ಬೇಡವೆಂದಾಗುವುದಿಲ್ಲ. ಅನ್ಯದೇಶದ ಶಾಸ್ತ್ರವನ್ನು ಓದಿದವನಿಗೆ ತನ್ನ ಶಾಸ್ತ್ರದ ವಿಶೇಷವು ಹೆಚ್ಚು ನಿಚ್ಚಳವಾಗಿ ತೋರುವುದುಂಟು; ಆದರೆ ತನ್ನದನ್ನೂ ಓದಿದ್ದರೆ ಮಾತ್ರ. ವಿಜ್ಞಾನೇಶ್ವರನ ಜನ್ಮಸ್ವತ್ವವಾದವು ಪುಸ್ತಕದೊಳಗೆ ಮಲಗಿದ ಮಾತಲ್ಲ. ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸುವ ತಿದ್ದುಪಡಿಯನ್ನು ಕರ್ನಾಟಕವು ೧೯೯೪ರಲ್ಲಿ ಮಾಡಿತು. ಭಾರತದ ಸಂಸತ್ತು ೨೦೦೫ರಲ್ಲಿ ಮಾಡಿತು. ಕಲ್ಯಾಣದ ಪಂಡಿತನು ಮಗನನ್ನು ಕುರಿತು ಹೇಳಿದ್ದು ಇಂದು ಮಗಳಿಗೂ ಸಲ್ಲುತ್ತಿದೆ. ಕಡಲಾಚೆ ಕಾನೂನನ್ನು ಓದುವ ನಮ್ಮ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಆ ದೇಶದ ಗ್ರಂಥಗಳ ಜತೆಗೆ ಮಿತಾಕ್ಷರೆಯ ಒಂದು ಪ್ರತಿಯೂ ಇದ್ದರೆ, ಗಾಂಧಿಯವರಿಗೆ ಮರಳಿ ಬಂದ ಮೇಲೆ ತಿಳಿದ ಕೊರತೆಯು ಆತನಿಗೆ ಅಲ್ಲಿಯೇ ನೀಗೀತು.